ಬೆಳಗಾದರೆ ಗೂಟ ಕಡೆಯುವ ಮನುಷ್ಯ

1964ರಲ್ಲಿ ತೆರೆಕಂಡ 'ದಿ ಲಾಸ್ಟ್ ಮ್ಯಾನ್ ಆನ್ ಅರ್ತ್' ಎಂಬ ಕಪ್ಪು-ಬಿಳುಪಿನ ರಕ್ತಪಿಶಾಚಿ ಚಿತ್ರವನ್ನು ಮೊನ್ನೆ ರಾತ್ರಿ ಎರಡನೆಯ ಸಲ ನೋಡಿದೆ. ರಿಚರ್ಡ್ ಮ್ಯಾಥೆಸನ್ ಅವರ 1954ರ ಕಾದಂಬರಿಯನ್ನು ಆಧರಿಸಿದ ಈ ಚಿತ್ರವನ್ನು ಸಣ್ಣ ಬಜೆಟ್ಟಿನಲ್ಲಿ ರೋಮ್ ನಗರದಲ್ಲಿ ಚಿತ್ರೀಕರಿಸಿ, ಅದನ್ನೇ ಅಮೆರಿಕವೆಂದು ನಂಬಿಸಲು ಹೊರಟಿದ್ದರು. ನಂಬಿಕೆಯೇನೋ ಬರುವುದಿಲ್ಲ. ಆದರೆ 1942ರ ವಿಶ್ವ ಪ್ರದರ್ಶನಕ್ಕೆಂದು ಮುಸೊಲಿನಿಯ ಕಾಲದಲ್ಲಿ ಕಟ್ಟತೊಡಗಿದ, ಯುದ್ಧದಿಂದಾಗಿ ಆ ಪ್ರದರ್ಶನವೇ ನಡೆಯದೆ ಹೋದ ಇಯುಆರ್ ಬಡಾವಣೆಯ ಅಗಲವಾದ ಬೀದಿಗಳು ಜನರಿಲ್ಲದೆ ಬಿದ್ದಿರುವುದನ್ನು ಕಂಡಾಗ, ಯಾವ ದುಬಾರಿ ಸೆಟ್ಟೂ ಇಷ್ಟು ಖಾಲಿಯಾಗಿ ಕಾಣಲಾರದು ಅನ್ನಿಸಿತು.

ಪಿಡುಗಿಗೆ ಸಿಕ್ಕಿ ಸತ್ತವರು ರಾತ್ರಿಯಾದೊಡನೆ ಏಳುವ ಲೋಕದಲ್ಲಿ ವಿನ್ಸೆಂಟ್ ಪ್ರೈಸ್ ಅಭಿನಯಿಸಿದ ಮಾರ್ಗನ್ ಒಬ್ಬನೇ ಉಳಿದಿದ್ದಾನೆ. ಅವನು ಬೆಳಿಗ್ಗೆ ಎದ್ದು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ದಿನವನ್ನು ಹೊಡೆದುಹಾಕುತ್ತಾನೆ, ಬಾಗಿಲಿಗೆ ಬೆಳ್ಳುಳ್ಳಿ ಮತ್ತು ಕನ್ನಡಿ ತೂಗುಹಾಕುತ್ತಾನೆ, ಲೇತಿನಲ್ಲಿ ಮರದ ಗೂಟಗಳನ್ನು ಕಡೆಯುತ್ತಾನೆ, ಹೆಣಗಳನ್ನು ಕಾರಿಗೆ ತುಂಬಿ ಬೆಂಕಿಯ ಹೊಂಡಕ್ಕೆ ಎಸೆದು ಬರುತ್ತಾನೆ. ಕೊಲ್ಲುವುದು ಇಲ್ಲಿ ಸಾಹಸವಲ್ಲ, ಮನೆಗೆಲಸ. ಈ ಚಿತ್ರದ ನಿಜವಾದ ಭಯವೂ ಅದೇ. ಹಳೆಯ ಮನೆಚಿತ್ರವೊಂದನ್ನು ಹಾಕಿಕೊಂಡು ನಗಲಾರಂಭಿಸಿದವನ ನಗು ನೋಡನೋಡುತ್ತಲೇ ಅಳುವಾಗುತ್ತದೆ. ಉಳಿದೆಡೆ ಪ್ರೈಸ್ ಅವರ ಹಿನ್ನೆಲೆ ಧ್ವನಿ ಕಣ್ಣೆದುರಿಗಿದ್ದುದನ್ನೇ ಮತ್ತೆ ಹೇಳುತ್ತದೆ; ಡಬ್ಬಿಂಗ್ ತುಟಿಗೆ ಹೊಂದುವುದಿಲ್ಲ; ನಡುವಿನ ಹಿನ್ನೋಟ ತುಸು ಎಳೆದಂತಿದೆ.

ಪಿಶಾಚಿಗಳೂ ಪೆದ್ದು, ನಿಧಾನ. ಅಮೆರಿಕದ ನಿರ್ದೇಶಕ ಜಾರ್ಜ್ ರೊಮೆರೊ ನಾಲ್ಕೇ ವರ್ಷಗಳಲ್ಲಿ ತಮ್ಮ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಚಿತ್ರದಲ್ಲಿ ಎಬ್ಬಿಸಿದ ಹೆಣಗಳು ಇವುಗಳ ಸಮೀಪದ ನೆಂಟರು. ಆದರೆ ಹಿಂದೊಮ್ಮೆ ಗೆಳೆಯನಾಗಿದ್ದ ಬೆನ್, ಪ್ರತಿ ರಾತ್ರಿ ಬಾಗಿಲಿಗೆ ಬಂದು "ಮಾರ್ಗನ್, ಹೊರಗೆ ಬಾ" ಎಂದು ಹೆಸರು ಹಿಡಿದು ಕೂಗುವಾಗ ನನಗೆ ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಬಾಗಿಲುಗಳ ಮೇಲೆ ಬರೆದಿರುತ್ತಿದ್ದ "ನಾಳೆ ಬಾ" ನೆನಪಾಯಿತು. ಆ ದೆವ್ವವೂ ಮನೆಯವರ ದನಿಯಲ್ಲೇ ಕರೆಯುತ್ತದೆ ಎಂಬ ಮಾತಿತ್ತು.

ಆ ಹಿನ್ನೋಟದಲ್ಲಿ ಮಾರ್ಗನ್ ಮಗಳ ಹೆಣವನ್ನು ಆಗಲೇ ಹೊಂಡಕ್ಕೆ ಹಾಕಲಾಗಿರುತ್ತದೆ. ಹೆಂಡತಿ ವರ್ಜೀನಿಯಾಳಿಗೂ ಅದೇ ಗತಿ ಬೇಡವೆಂದು ಅವನು ಆಕೆಯನ್ನು ಗುಟ್ಟಾಗಿ ಮಣ್ಣು ಮಾಡಿ ಮನೆಗೆ ಬರುತ್ತಾನೆ. ಆ ರಾತ್ರಿ ಬಾಗಿಲ ಹಿಡಿಕೆ ಮೆಲ್ಲಗೆ ತಿರುಗುತ್ತದೆ; "ಒಳಗೆ ಬಿಡು" ಎಂಬ ಪಿಸುದನಿ ಕೇಳುತ್ತದೆ. ಅವನು ಹೋಗಿ ಬಾಗಿಲು ತೆರೆಯುತ್ತಾನೆ.