ಹಸಿರು ಬಂತು ಅಂತ ಬಯಾಪ್ಸಿ ಬಿಡಬಾರದು

ಚರ್ಮದ ಮಚ್ಚೆಗೆ ಬೆಳಕು ಹಾಯಿಸಿ ಕ್ಯಾನ್ಸರ್ ಅನುಮಾನ ಹೇಳುವ ಪ್ರೋಬ್‌ಗಳ ಮೇಲೆ ನನ್ನ ಕೆಲಸ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನಡೆದ ಡೆಮೊ ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

ಪ್ರೋಬ್‌ನ ಅಳತೆ ಸರಿಹೊಂದಿಸಲು ಬೆಳಕಿಲ್ಲದೆ ಒಂದು, ಬಿಳಿ ಟೈಲ್ ಮೇಲೆ ಒಂದು ರೀಡಿಂಗ್ ತೆಗೆದುಕೊಂಡು ರೆಡಿಯಾಗಿದ್ದೆವು. ಒಪಿಡಿಯಿಂದ ವಯಸ್ಸಾದ ಹೆಂಗಸೊಬ್ಬರು ಬಂದರು. ಕೆ.ಆರ್. ಮಾರ್ಕೆಟ್‌ನಲ್ಲಿ ಹೂ ಮಾರುವವರು. ಅಂಗಾಲಲ್ಲಿ ಕಪ್ಪು ಮಚ್ಚೆ, ಅಂಚು ಸೊಟ್ಟ, ಈಚೆಗೆ ಬೆಳೆದಿದೆಯಂತೆ. ಪ್ರೋಬ್ ಇಟ್ಟೆ. ಹಸಿರು ಬಂತು, ಅಂದರೆ ಕ್ಯಾನ್ಸರ್ ಅನುಮಾನ ಇಲ್ಲ ಅಂತ. ಸೇಲ್ಸ್ ಮ್ಯಾನೇಜರ್ ಮುಖ ಅರಳಿತು.

‘ಹಂಗಾದ್ರೆ ಕುಯ್ಯೋದು ಬೇಡ ಅಲ್ವೇನಪ್ಪಾ?’ ಅಂತ ಆಕೆ ನನ್ನನ್ನೇ ಕೇಳಿದರು.

ನಾನು ರಾ ಸ್ಪೆಕ್ಟ್ರಮ್, ಅಂದರೆ ವಾಪಸ್ ಬಂದ ಬೆಳಕಿನ ಬಣ್ಣವಾರು ಅಳತೆ, ತೆರೆದೆ. ನೀಲಿ ಕಡೆ ಸಿಗ್ನಲ್ ನೆಲ ಕಚ್ಚಿತ್ತು. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಆ ಕಡೆಯ ಬೆಳಕನ್ನೇ ಜಾಸ್ತಿ ಹೀರುತ್ತದೆ. ಮೇಲೆ ಅಂಗಾಲಿನ ದಪ್ಪ ಚರ್ಮ ಬೇರೆ. ಒಳಗಿನ ಜೀವಕೋಶಗಳಿಂದ ಚದುರಿ ಬರಬೇಕಾದ ಬೆಳಕು ವಾಪಸ್ ಬಂದೇ ಇರಲಿಲ್ಲ. ಯಂತ್ರಕ್ಕೆ ಕಲಿಸಲು ಬಳಸಿದ ನಮ್ಮ ಡೇಟಾ ಬಹುಪಾಲು ಬಿಳಿ ಚರ್ಮದವರದು. ಅಂಗಾಲಿನದು ಇರಲೇ ಇಲ್ಲ. ಮ್ಯಾನೇಜರ್ ನನ್ನ ಮೊಣಕೈ ಒತ್ತಿ, ‘ಈಗ ಬೇಡ, ಆಮೇಲೆ ಮಾತಾಡೋಣ’ ಅಂದರು. ಡಾಕ್ಟರ್ ಪೆನ್ ಹಿಡಿದು ಕಾಯುತ್ತಿದ್ದರು.

‘ಮೇಡಂ, ಈ ರೀಡಿಂಗ್ ಲೆಕ್ಕಕ್ಕೆ ತಗೋಬೇಡಿ’ ಅಂತ ಡಾಕ್ಟರಿಗೆ ಅಂದೆ. ಅವರು ಬಯಾಪ್ಸಿಗೆ, ಅಂದರೆ ಮಚ್ಚೆಯ ತುಂಡು ತೆಗೆದು ಪರೀಕ್ಷಿಸಲು, ಬರೆದರು. ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ನಮ್ಮಂಥ ಕಂದು ಚರ್ಮದವರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಅಪರೂಪ. ಆದರೆ ಬಂದಾಗ ಅಂಗಾಲು, ಅಂಗೈ, ಉಗುರಿನ ಅಡಿಯಂಥ ಜಾಗದಲ್ಲೇ ಜಾಸ್ತಿ. ಯಂತ್ರ ಕುರುಡಾಗುವುದೂ ಅಲ್ಲೇ. ಇದೇ ಬಗೆಯ ಡರ್ಮಾಸೆನ್ಸರ್ ಎಂಬ ಯಂತ್ರಕ್ಕೆ ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಅದರ ಮುಖ್ಯ ಅಧ್ಯಯನದಲ್ಲಿ ಸೆನ್ಸಿಟಿವಿಟಿ (ಇರುವ ಕ್ಯಾನ್ಸರನ್ನು ಹಿಡಿಯುವ ಪ್ರಮಾಣ) ಸುಮಾರು ಶೇ. 96, ಸ್ಪೆಸಿಫಿಸಿಟಿ (ಕ್ಯಾನ್ಸರ್ ಇಲ್ಲದ್ದನ್ನು ಇಲ್ಲ ಅನ್ನುವ ಪ್ರಮಾಣ) ಶೇ. 21ರ ಆಸುಪಾಸು. ಅಂದರೆ ಕ್ಯಾನ್ಸರ್ ಇಲ್ಲದ 5 ಮಚ್ಚೆಗಳಲ್ಲಿ ಹೆಚ್ಚುಕಮ್ಮಿ 4ಕ್ಕೆ ಸುಮ್ನೆ ಅನುಮಾನ ತೋರಿಸುತ್ತದೆ. ಒಪ್ಪಿಗೆ ಸಿಕ್ಕಿದ್ದೂ ಇಷ್ಟಕ್ಕೇ: ಡಾಕ್ಟರಿಗೆ ಮೊದಲೇ ಅನುಮಾನ ಬಂದ ಮಚ್ಚೆಯನ್ನು ತಜ್ಞರ ಹತ್ತಿರ ಕಳಿಸಬೇಕೇ ಅಂತ ತೀರ್ಮಾನಿಸಲು ಒಂದು ಸಹಾಯ. ಕ್ಯಾನ್ಸರ್ ಹೌದೋ ಅಲ್ಲವೋ ಅನ್ನಲು ತುಂಡು ತೆಗೆದು ಮೈಕ್ರೋಸ್ಕೋಪ್ ಕೆಳಗೆ ಇಡಲೇಬೇಕು.

ಈಗ ನಮ್ಮ ಸಾಫ್ಟ್‌ವೇರ್‌ನಲ್ಲಿ ಅಂಗಾಲು ಅಂತ ಆರಿಸಿದರೆ ಸ್ಕೋರ್ ಬರುವುದಿಲ್ಲ. ಆ ಲಾಕ್‌ಗೆ ಮ್ಯಾನೇಜ್‌ಮೆಂಟ್ ಒಪ್ಪಲು ತಿಂಗಳುಗಟ್ಟಲೆ ಹಿಡಿಯಿತು. ಬ್ರೋಷರ್‌ನಲ್ಲಿ ಮಾತ್ರ ‘ಇನ್ನು ಬಯಾಪ್ಸಿ ಬೇಡ’ ಅನ್ನುವ ಸಾಲು ಹಾಗೇ ಇದೆ. ಅದನ್ನು ತೆಗೆಯುವ ತನಕ ಮುಂದಿನ ರಿಲೀಸ್‌ಗೆ ನಾನು ಸೈನ್ ಹಾಕುವುದಿಲ್ಲ ಅಂತ ಮೇಲ್ ಕಳಿಸಿದ್ದೇನೆ.