ಅಂಚೆಪೆಟ್ಟಿಗೆ ಗುಡಿಸುವ ಕೆಲಸ: ಆರು ವಾರಗಳ ಲೆಕ್ಕ

ಮೊದಲ ದಿನ. ಓದದ ಮೇಲ್‌ಗಳು 17,846. ಜಾಗ 15 ಜಿಬಿಯಲ್ಲಿ 15.

ಅಕ್ಕ ಫೋನ್ ಮಾಡಿ, "ನಿನಗೆ ಕಳಿಸಿದ ಮೇಲ್ ನನಗೇ ವಾಪಸ್ ಬಂದಿದೆಯಲ್ಲೋ, ವಿಳಾಸ ಬದಲಾಯಿಸಿದೆಯಾ?" ಎಂದು ಕೇಳಿದಾಗಲೇ ನನಗೆ ವಿಷಯ ಗೊತ್ತಾದದ್ದು. ವಿಳಾಸ ಹಳೆಯದೇ. ಪೆಟ್ಟಿಗೆ ಕಂಠಮಟ್ಟ ತುಂಬಿತ್ತು, ಅಷ್ಟೆ. ಜಿಮೇಲ್ ಉಚಿತವಾಗಿ ಕೊಡುವ 15 ಜಿಬಿ ಬರೀ ಮೇಲ್‌ಗೆ ಎಂದು ನಾನು ತಿಳಿದಿದ್ದೆ. ಮೇಲ್, ಡ್ರೈವ್, ಫೋಟೋಸ್ ಮೂರೂ ಒಂದೇ ಕಣಜದಿಂದ ಅಳೆದುಕೊಳ್ಳುತ್ತವೆ. ಎರಡು ವಾರಗಳಿಂದ ಪರದೆಯ ಮೇಲೆ ಎಚ್ಚರಿಕೆ ಬರುತ್ತಲೇ ಇತ್ತು. ನಾನು ಅದನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳುತ್ತಲೇ ಇದ್ದೆ.

2004ರ ಏಪ್ರಿಲ್ 1ರಂದು ಜಿಮೇಲ್ ಬಂದಾಗ ಒಬ್ಬೊಬ್ಬರಿಗೆ 1 ಜಿಬಿ ಎಂದಿದ್ದರು. ಆ ಕಾಲಕ್ಕೆ ಅದು ಎಷ್ಟು ದೊಡ್ಡ ಮಾತೆಂದರೆ, ಏಪ್ರಿಲ್ ಒಂದರ ತಮಾಷೆ ಇರಬೇಕೆಂದು ಹಲವರು ನಕ್ಕಿದ್ದರು. ಇನ್ನು ಮೇಲೆ ಯಾವುದನ್ನೂ ಅಳಿಸಬೇಕಾಗಿಲ್ಲ ಎಂಬುದು ಆಗಿನ ಭರವಸೆ. ಅದನ್ನು ಅಕ್ಷರಶಃ ಪಾಲಿಸಿದ ಕೆಲವರಲ್ಲಿ ನಾನೂ ಒಬ್ಬ.

ಪೆಟ್ಟಿಗೆಯ ಜೊತೆಗೆ ಫೋನಿನ ಹಳೆಯ ಕಾಯಿಲೆಗಳನ್ನೂ ಪಟ್ಟಿ ಮಾಡಿದೆ. ಕೇಬಲನ್ನು ಓರೆಯಾಗಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತದೆ. ಮಾತನಾಡುವಾಗ ಪರದೆ ಕಪ್ಪಾಗಿ ಹಾಗೆಯೇ ಉಳಿಯುತ್ತದೆ. ಮೇಲ್ ಬಂದ ಸೂಚನೆ ಗಂಟೆಗಟ್ಟಲೆ ತಡ. ದಿನಕ್ಕೆ ಅರ್ಧ ಗಂಟೆ, ಮಾಡಿದ್ದೆಲ್ಲ ಪುಸ್ತಕದಲ್ಲಿ ದಾಖಲು ಎಂದು ನಿಶ್ಚಯಿಸಿದೆ.

ಮೊದಲ ವಾರ

ಶುರುವಿನಲ್ಲಿ ಫೋನಿನಲ್ಲೇ ಒಂದೊಂದಾಗಿ ಅಳಿಸಿದೆ. ಅರ್ಧ ಗಂಟೆಗೆ 200 ಹೋದವು. ಮರುದಿನ ಬೆಳಿಗ್ಗೆ 70 ಹೊಸವು ಬಂದಿದ್ದವು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಮೂರನೆಯ ದಿನ ಸೋತು ಕಂಪ್ಯೂಟರ್ ಮುಂದೆ ಕುಳಿತೆ. ಹುಡುಕುವ ಜಾಗದಲ್ಲಿ ‘ಲಾರ್ಜರ್:10ಎಂ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆದರೆ 10 ಎಂಬಿಗಿಂತ ದಪ್ಪನೆಯ ಮೇಲ್‌ಗಳಷ್ಟೇ ಎದುರಿಗೆ ಬರುತ್ತವೆ. ಒಂದು ಮೇಲ್‌ಗೆ 25 ಎಂಬಿವರೆಗೆ ಲಗತ್ತಿಸಬಹುದು. ಅಂಥ ದೈತ್ಯರು ಒಂದು ಪುಟದ ತುಂಬ ಇದ್ದರು. ಅರ್ಧಕ್ಕರ್ಧ ನಾನೇ ಕಳಿಸಿದವು. ಒಂದೇ ವಿಡಿಯೊವನ್ನು ಮೂವರಿಗೆ ಬೇರೆ ಬೇರೆಯಾಗಿ ಕಳಿಸಿದ್ದೆ, ಮೂರೂ ಪ್ರತಿಗಳು ನನ್ನ ಲೆಕ್ಕಕ್ಕೇ ಜಮಾ.

ಸುಮಾರು 2 ಜಿಬಿಯಷ್ಟು ಅಳಿಸಿ ಮೀಟರ್ ನೋಡಿದರೆ ಮುಳ್ಳು ಅಲ್ಲಾಡಿಲ್ಲ. ಕಸದ ಬುಟ್ಟಿಗೆ ಹಾಕಿದ್ದು ಅಲ್ಲಿ 30 ದಿನ ಕುಳಿತಿರುತ್ತದೆ, ಕುಳಿತಷ್ಟು ದಿನ ಜಾಗವನ್ನೂ ಹಿಡಿದಿರುತ್ತದೆ. ಬುಟ್ಟಿ ಖಾಲಿ ಮಾಡಿದ ಮೇಲೆ 12.9ಕ್ಕೆ ಇಳಿಯಿತು. ಅಕ್ಕನಿಗೆ ಮತ್ತೆ ಕಳಿಸಲು ಹೇಳಿದೆ. ಈ ಸಲ ಬಂತು.

ಎರಡನೆಯ ವಾರ. ಕೊನೆಗೆ ಓದದವು 6,120.

ಸಗಟು ಮೇಲ್‌ಗಳನ್ನು ಹಿಡಿಯಲು ಒಂದು ಬಲೆ ಇದೆ. ಜಾಹೀರಾತು ಮೇಲ್‌ಗಳ ಬಾಲದಲ್ಲಿ ‘ಅನ್‌ಸಬ್‌ಸ್ಕ್ರೈಬ್’ (ಚಂದಾ ಬಿಡು) ಎಂಬ ಪದ ಇದ್ದೇ ಇರುತ್ತದೆ; ಅದನ್ನೇ ಹುಡುಕುವುದು. ಪುಟಕ್ಕೆ 50 ತೋರಿಸುತ್ತದೆ. ಎಲ್ಲವನ್ನೂ ಆಯ್ದರೆ, ಈ ಹುಡುಕಾಟಕ್ಕೆ ಹೊಂದುವ ಅಷ್ಟನ್ನೂ ಆಯ್ಕೆ ಮಾಡಲೇ ಎಂದು ಮೇಲೆ ಚಿಕ್ಕ ಅಕ್ಷರಗಳಲ್ಲಿ ಕೇಳುತ್ತದೆ. ಹೂಂ ಎಂದೆ. ಹನ್ನೊಂದು ಸಾವಿರಕ್ಕೂ ಹೆಚ್ಚು ಮೇಲ್‌ಗಳು ಒಂದೇ ಏಟಿಗೆ ಹೋದವು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಎರಡು ದಿನಗಳ ನಂತರ ಚಾರ್ಜಿಂಗ್ ಪೂರ್ತಿ ನಿಂತಿತು. ಫೋನ್ ಇನ್ನೂ ವಾರಂಟಿಯಲ್ಲಿದೆ, ರಸೀದಿ ಮೇಲ್‌ನಲ್ಲಿದೆ ಎಂದು ಹುಡುಕಿದರೆ ಇಲ್ಲ. ರಸೀದಿಯ ಬಾಲದಲ್ಲೂ ಆ ಪದ ಇತ್ತು! ಬುಟ್ಟಿಯನ್ನು ಇನ್ನೂ ಖಾಲಿ ಮಾಡದಿದ್ದುದು ನನ್ನ ಜಾಣತನವಲ್ಲ, ಸೋಮಾರಿತನ. ಅಲ್ಲಿಂದ ಎತ್ತಿಕೊಂಡೆ. ಅದರ ಆಚೀಚೆ ಎರಡು ಪ್ರಯಾಣದ ಟಿಕೆಟ್, ಒಂದು ವಿಮಾ ಪಾಲಿಸಿ ಕೂಡ ಬಿದ್ದಿದ್ದವು. ಈಗ ಅದೇ ಹುಡುಕಾಟದಲ್ಲಿ ಲಗತ್ತು ಇರುವವನ್ನು ಹೊರಗಿಟ್ಟು ಅಳಿಸುತ್ತೇನೆ. ಲಗತ್ತಿರುವವನ್ನು ಒಂದೊಂದಾಗಿ ನೋಡುತ್ತೇನೆ.

ರಸೀದಿ ಕೈಗೆ ಬಂದ ಮೇಲೆ, ರಿಪೇರಿಗೆ ಕೊಡುವ ಮೊದಲು ಒಮ್ಮೆ ನೋಡೋಣ ಎಂದು ಚಾರ್ಜಿಂಗ್ ಕಿಂಡಿಗೆ ಟಾರ್ಚ್ ಬಿಟ್ಟೆ. ತಳದಲ್ಲಿ ಬೂದು ಬಣ್ಣದ ಹಾಸು. ಮೊದಲು ಅದು ಕಿಂಡಿಯ ತಳವೇ ಎಂದುಕೊಂಡೆ. ಫೋನ್ ಆಫ್ ಮಾಡಿ, ಹಲ್ಲು ಚುಚ್ಚುವ ಮರದ ಕಡ್ಡಿಯ ತುದಿಯನ್ನು ಒಂದು ಅಂಚಿನಲ್ಲಿ ಮೆಲ್ಲಗೆ ಇಳಿಸಿ ಮೀಟಿದೆ. ಹಾಸಿನ ಮೂಲೆ ಎದ್ದಿತು. ಇನ್ನೊಂದು ಅಂಚಿನಿಂದ ಮೀಟಿದಾಗ ಉಗುರಿನ ಅರ್ಧದಷ್ಟು, ಕಂಬಳಿಯ ಚೂರಿನಂತೆ ಗಟ್ಟಿಯಾಗಿ ಒತ್ತಿಹೋಗಿದ್ದ ಜೇಬಿನ ನೂಲು ಹೊರಗೆ ಬಂತು. ಪ್ರತಿ ಸಲ ಕೇಬಲ್ ಚುಚ್ಚಿದಾಗಲೂ ನಾನೇ ಅದನ್ನು ಇನ್ನಷ್ಟು ದಮ್ಮಸು ಮಾಡಿದ್ದೆ. ಈಗ ಕೇಬಲ್ ‘ಟಕ್’ ಎಂದು ಕೂರುತ್ತದೆ. ಆ ಶಬ್ದ ಮರೆತೇಹೋಗಿತ್ತು. ಸೂಜಿ, ಪಿನ್ನು ಮಾತ್ರ ಒಳಗೆ ಬಿಡಬಾರದು, ಒಳಗಿನ ಲೋಹದ ತುದಿಗಳು ಗೀಚಿಹೋಗುತ್ತವೆ ಅಥವಾ ಒಂದಕ್ಕೊಂದು ತಾಗುತ್ತವೆ. ಗುಡ್ಡ ಅಗೆದು ಹುಡುಕಿದ ರಸೀದಿ ಕೊನೆಗೆ ಬೇಕಾಗಲೇ ಇಲ್ಲ.

ಪರದೆ ಕಪ್ಪಾಗುವ ಕಾಯಿಲೆ ವಾಸಿಮಾಡಲು ಎರಡು ನಿಮಿಷವೂ ಹಿಡಿಯಲಿಲ್ಲ. ಫೋನು ಕಿವಿಯ ಹತ್ತಿರ ಬಂದಾಗ ಪರದೆ ಆರಿಸುವ ಸೆನ್ಸರ್ ಮೇಲ್ಭಾಗದಲ್ಲಿರುತ್ತದೆ. ಹೊಸ ಸ್ಕ್ರೀನ್ ಗಾರ್ಡಿನ ಅಂಚು ಎದ್ದು, ಅಲ್ಲಿ ಧೂಳು ಸೇರಿ, ಅದಕ್ಕೆ ಸದಾ ಯಾರದೋ ಕಿವಿ ಕಾಣಿಸುತ್ತಿತ್ತು. ಗಾರ್ಡ್ ಕಿತ್ತೆ.

ಮೂರನೆಯ ವಾರ

ತಡವಾಗಿ ಬರುವ ಸೂಚನೆ. ಇಲ್ಲಿ ನಾನು ಮಾಡಿದ್ದು ಶುದ್ಧ ಪೆದ್ದುತನ. ಒಂದೇ ಸಂಜೆ, ಸರ್ವರಿನಿಂದ ಫೋನಿಗೆ ಮೇಲ್ ತಂದುಕೊಳ್ಳುವ ಸಿಂಕ್ ಆಫ್ ಮಾಡಿ ಆನ್ ಮಾಡಿದೆ, ಬ್ಯಾಟರಿ ಸೆಟ್ಟಿಂಗ್ ಬದಲಾಯಿಸಿದೆ, ಕ್ಯಾಶ್ ಅಳಿಸಲು ಹೋಗಿ ಪಕ್ಕದಲ್ಲಿದ್ದ ಡೇಟಾ ಅಳಿಸುವ ಗುಂಡಿ ಒತ್ತಿದೆ. ಕ್ಯಾಶ್ ಎಂದರೆ ಆ್ಯಪ್ ಮತ್ತೆ ಕಟ್ಟಿಕೊಳ್ಳಬಹುದಾದ ತಾತ್ಕಾಲಿಕ ಸಾಮಾನು. ಡೇಟಾ ಹಾಗಲ್ಲ, ಆ್ಯಪಿನ ಸೆಟ್ಟಿಂಗ್ಸ್ ಎಲ್ಲ ಹುಟ್ಟಿದ ದಿನದ ಸ್ಥಿತಿಗೆ ಹೋದವು, ಸರ್ವರ್ ಮುಟ್ಟದೆ ಫೋನಿನಲ್ಲೇ ಇದ್ದ ಒಂದು ಅರ್ಧ ಬರೆದ ಮೇಲ್ ಕೂಡ ಹೋಯಿತು. ಮರುದಿನ ಸೂಚನೆ ತಕ್ಷಣ ಬಂತು. ಆದರೆ ಮೂರರಲ್ಲಿ ಯಾವ ಮದ್ದು ನಾಟಿತು?

ಗೊತ್ತಾಗದೆ ಮನಸ್ಸು ತಡೆಯಲಿಲ್ಲ. ಬ್ಯಾಟರಿ ಸೆಟ್ಟಿಂಗನ್ನು ಹಿಂದಿನಂತೆ ‘ನಿರ್ಬಂಧಿತ’ ಎಂದು ಇಟ್ಟು, ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿ, ರಾತ್ರಿ 9:10ಕ್ಕೆ ಕಂಪ್ಯೂಟರಿನಿಂದ ನನಗೇ ಒಂದು ಮೇಲ್ ಕಳಿಸಿದೆ. ಸದ್ದಿಲ್ಲ. 10:02ಕ್ಕೆ ಕೈಗೆತ್ತಿಕೊಂಡೆ, ಆಗ ಸದ್ದು. ‘ನಿರ್ಬಂಧವಿಲ್ಲ’ ಎಂದು ಬದಲಾಯಿಸಿ ಅದೇ ಪರೀಕ್ಷೆ ಮಾಡಿದೆ. ಬಂದು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಬಂತು. ಅಲುಗಾಡದೆ, ಪರದೆ ಆರಿ, ಚಾರ್ಜರ್ ಇಲ್ಲದೆ ಬಿದ್ದಿರುವ ಫೋನು ಆ್ಯಪ್‌ಗಳನ್ನು ನಿದ್ದೆಗೆ ತಳ್ಳುವ ವ್ಯವಸ್ಥೆ ಆಂಡ್ರಾಯ್ಡ್ 6ರಲ್ಲಿ, 2015ರಲ್ಲಿ, ಬಂತು. ಅದರ ಮೇಲೆ ಫೋನ್ ತಯಾರಕರು ತಮ್ಮದೇ ಉಳಿತಾಯದ ಕಟ್ಟಳೆಗಳನ್ನು ಹೇರುತ್ತಾರೆ. ಬ್ಯಾಟರಿ ಉಳಿಯಲಿ ಎಂದು ಮೇಲ್ ಆ್ಯಪನ್ನು ಆ ನಿರ್ಬಂಧದ ಪಟ್ಟಿಗೆ ಎಂದೋ ಸೇರಿಸಿದ್ದವನು ನಾನೇ.

ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ: ಒಂದು ಸಲಕ್ಕೆ ಒಂದೇ ಬದಲಾವಣೆ.

ಅದೇ ಶನಿವಾರ ಇನ್ನೊಂದು ಗಾಬರಿ. ಕೆಲಸದ ಮೇಲ್ ಖಾತೆ, ಸರ್ವರ್ ಅಸಲಿಯೇ ಎಂದು ತೋರಿಸುವ ಪ್ರಮಾಣಪತ್ರ ಸರಿಯಿಲ್ಲ ಎಂದು ಹಟ ಹಿಡಿಯಿತು. ಪಾಸ್‌ವರ್ಡ್ ಅಳಿಸಿ ಮತ್ತೆ ಹಾಕಿದರೆ, ಅದರ ನಂತರ ಕೇಳುವ, ಫೋನಿನ ಆ್ಯಪ್ ಹುಟ್ಟಿಸುವ ಆರಂಕಿಯ ಕೋಡ್ ತಪ್ಪು ಎನ್ನುತ್ತದೆ. ಖಾತೆಗೆ ಯಾರೋ ಕನ್ನ ಹಾಕಿದರೆಂದು ಬೆವತೆ. ಪಾಸ್‌ವರ್ಡ್ ಬದಲಾಯಿಸುವ ಹೊತ್ತಿಗೆ ಪರದೆಯ ದಿನಾಂಕ ಕಣ್ಣಿಗೆ ಬಿತ್ತು. ಎರಡು ತಿಂಗಳು ಮುಂದಿತ್ತು. ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಆಯುಷ್ಯವಿರುತ್ತದೆ; ಫೋನಿನ ದಿನಾಂಕ ಅದರಾಚೆ ಹೋದರೆ ಅವಧಿ ಮುಗಿದಿದೆ ಎಂದೇ ಅದು ತಿಳಿಯುತ್ತದೆ. ಕೋಡ್ ಕೂಡ ಗಡಿಯಾರದಿಂದಲೇ ಹುಟ್ಟುವುದು, 30 ಸೆಕೆಂಡಿಗೊಂದು. ಸ್ವಯಂಚಾಲಿತ ಸಮಯವನ್ನು ಆನ್ ಮಾಡಿದೊಡನೆ ಎರಡೂ ಸರಿಹೋದವು. ಆಟದ ಆ್ಯಪಿನ ದಿನದಿನದ ಬಹುಮಾನ ಬೇಗ ಸಿಗಲಿ ಎಂದು ಕ್ಯಾಲೆಂಡರ್ ಓಡಿಸಿದ ಮನೆಯ ಕಿರಿಯ ಸದಸ್ಯನ ಹೆಸರು ಇಲ್ಲಿ ಬೇಡ.

ನಾಲ್ಕು, ಐದನೆಯ ವಾರ. ಓದದವು 1,905.

ಈಗ ಒಳಹರಿವನ್ನು ಕಟ್ಟುವ ಕೆಲಸ. 63 ಕಡೆಗಳಿಂದ ಚಂದಾ ಬಿಟ್ಟೆ. ಜಿಮೇಲ್ ಬಳಕೆದಾರರಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ಒಂದೇ ಒತ್ತಿಗೆ ಚಂದಾ ಬಿಡಲು ಅವಕಾಶ ಕೊಡಬೇಕು, ಎರಡು ದಿನಗಳೊಳಗೆ ಅದನ್ನು ಪಾಲಿಸಬೇಕು ಎಂಬ ನಿಯಮ 2024ರಲ್ಲಿ ಬಂದಿದೆ. ಕಳಿಸಿದವರ ಹೆಸರಿನ ಪಕ್ಕದಲ್ಲಿ ಮೇಲ್ ಆ್ಯಪೇ ತೋರಿಸುವ ಗುಂಡಿಯನ್ನು ಒತ್ತುತ್ತೇನೆ. ಹೆಸರೇ ಕೇಳದವರ ಮೇಲ್‌ನೊಳಗಿನ ಕೊಂಡಿಯನ್ನು ಮುಟ್ಟುವುದಿಲ್ಲ. ಈ ವಿಳಾಸದಲ್ಲಿ ಜೀವ ಇದೆ ಎಂದು ನಾವೇ ಕೂಗಿ ಹೇಳಿದಂತಾಗುತ್ತದೆ. ಅಂಥವು ನೇರ ಸ್ಪ್ಯಾಮ್‌ಗೆ. 11 ಹಟಮಾರಿಗಳಿಗೆ, ಬಂದ ಮೇಲನ್ನು ತಾನೇ ಪಕ್ಕಕ್ಕೆ ಸರಿಸುವ ಫಿಲ್ಟರ್ ಹಾಕಿದೆ, ಅದೂ ಕಂಪ್ಯೂಟರಿನಲ್ಲಿ. ಫೋನಿನ ಆ್ಯಪಿನಲ್ಲಿ ಫಿಲ್ಟರ್ ಕಟ್ಟುವ ಜಾಗವೇ ಇಲ್ಲ. ದಿನಕ್ಕೆ 70 ಬರುತ್ತಿದ್ದವು ಈಗ 18ಕ್ಕೆ ಇಳಿದಿವೆ.

ಒಂದು ಗಂಟು ಮಾತ್ರ ಬಿಡಿಸಲಾಗಿಲ್ಲ. ನನ್ನಂಥದೇ ಹೆಸರಿನ ಯಾರೋ ಒಬ್ಬರು ನನ್ನ ವಿಳಾಸಕ್ಕೆ ನಡುವೆ ಒಂದು ಚುಕ್ಕಿ ಸೇರಿಸಿ ಎಲ್ಲ ಕಡೆ ಕೊಡುತ್ತಾರೆ. ಜಿಮೇಲ್ ವಿಳಾಸದ ಚುಕ್ಕಿಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಎಲ್ಲವೂ ನನ್ನ ಮನೆಗೆ. ಅವರ ಹಲ್ಲಿನ ವೈದ್ಯರ ಭೇಟಿ ಯಾವ ದಿನ ಎಂಬುದು ನನಗೆ ಬಾಯಿಪಾಠ. ಕಳಿಸುವವರಿಗೆ ಎರಡು ಸಲ ತಿಳಿಸಿದ್ದೇನೆ.

ಆರನೆಯ ವಾರ, ಇವತ್ತು. ಓದದವು 412. ಜಾಗ 9.3 ಜಿಬಿ.

ಫೋನ್ ಕಳೆದುಹೋದರೆ ಖಾತೆಯೊಳಗೆ ಬರಲು ಬೇಕಾಗುವ 10 ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು, ಫೋನಿನಿಂದ ದೂರ ಇಟ್ಟಿದ್ದೇನೆ. ಒಂದೊಂದೂ ಒಂದೇ ಸಲಕ್ಕೆ ನಡೆಯುತ್ತದೆ. ಫೋಟೋಗಳ ಕಡೆ ಇನ್ನೂ ಕೈ ಹಾಕಿಲ್ಲ, ಅದು ಬೇರೆಯೇ ಕಾಡು. ಉಳಿದ 412ರಲ್ಲಿ ಅಕ್ಕ ಎರಡನೆಯ ಸಲ ಕಳಿಸಿದ ಆ ಮೇಲ್ ಕೂಡ ಒಂದು. ಭಾನುವಾರ ಅವಳು ಫೋನ್ ಮಾಡುವ ಮೊದಲು ಅದನ್ನು ತೆರೆದು ಓದಬೇಕು.