ಮದುವೆ ಆಯ್ತು, ಹೆಂಡತಿ ಇನ್ನೂ ಊರಲ್ಲಿದ್ದಾಳೆ: ಡಬ್ಲ್ಯು-4ರಲ್ಲಿ ಯಾವ ಚೌಕಕ್ಕೆ ಟಿಕ್ ಹಾಕಬೇಕು?

ಷಿಕಾಗೋ ಹತ್ತಿರದ ಒಂದು ಕಂಪನಿಯ ಪೇರೋಲ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಡಬ್ಲ್ಯು-4 ಅಂದರೆ ಸಂಬಳದಲ್ಲಿ ಎಷ್ಟು ತೆರಿಗೆ ಮುರಿಯಬೇಕು ಎಂದು ನೌಕರರು ನಮಗೆ ತುಂಬಿಕೊಡುವ ಅಮೆರಿಕದ ಫಾರ್ಮ್. ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ, ದೇವಸ್ಥಾನದ ಪಾರ್ಕಿಂಗಿನಲ್ಲಿ, ಎಲ್ಲಿ ಸಿಕ್ಕಿದರೂ ಹುಡುಗರು ಕೇಳುವುದು ಇದನ್ನೇ: "ಅಕ್ಕ, ಊರಿಗೆ ಹೋಗಿ ಮದುವೆ ಮಾಡ್ಕೊಂಡು ಬಂದೆ. ಅವಳ ವೀಸಾ ಇನ್ನೂ ಆಗಿಲ್ಲ. ಡಬ್ಲ್ಯು-4ರಲ್ಲಿ ಸಿಂಗಲ್ ಅಂತಲೇ ಬಿಡ್ಲಾ, ಮ್ಯಾರೀಡ್ ಅಂತ ಮಾಡ್ಲಾ?" ಗಂಡನನ್ನು ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಬಿಟ್ಟು ಬಂದ ಹುಡುಗಿಯರೂ ಕೇಳುತ್ತಾರೆ. ಪ್ರತಿಸಲ ನಿಂತಲ್ಲೇ ಅರ್ಧಂಬರ್ಧ ಹೇಳಿ ಬರುತ್ತೇನೆ, ಮನೆಗೆ ಬಂದ ಮೇಲೆ ಬಿಟ್ಟುಹೋದದ್ದೆಲ್ಲ ನೆನಪಾಗುತ್ತದೆ. ಅದಕ್ಕೇ ಒಂದು ಸಲ ಕೂತು ಪೂರ್ತಿ ಬರೆದಿದ್ದೇನೆ.

ಮೊದಲು ಉತ್ತರ. ಮುಂದಿನ ಏಪ್ರಿಲ್‌ನಲ್ಲಿ ಇಬ್ಬರೂ ಸೇರಿ ಜಂಟಿ ತೆರಿಗೆ ರಿಟರ್ನ್ ಹಾಕುತ್ತೀರಿ ಅನ್ನುವುದು ಖಚಿತವಾಗುವವರೆಗೆ ಮೊದಲನೇ ಚೌಕವನ್ನೇ, ಅಂದರೆ 'ಸಿಂಗಲ್' ಎಂದು ಶುರುವಾಗುವುದನ್ನೇ, ಇಟ್ಟುಕೊಳ್ಳಿ.

ಹೀಗೆಂದ ಕೂಡಲೇ ಎಷ್ಟೋ ಜನರ ಮುಖ ಸಣ್ಣಗಾಗುತ್ತದೆ. ತಾಳಿ ಕಟ್ಟಿ ಬಂದು ಸಿಂಗಲ್ ಅಂತ ಬರೆಯುವುದು ಸುಳ್ಳಲ್ಲವೇ ಅನ್ನುವ ಸಂಕಟ ಅದು. ಫಾರ್ಮನ್ನು ಮತ್ತೊಮ್ಮೆ ಓದಿ. ಆ ಚೌಕದ ಮುಂದಿರುವುದು 'ಸಿಂಗಲ್ ಆರ್ ಮ್ಯಾರೀಡ್ ಫೈಲಿಂಗ್ ಸೆಪರೇಟ್ಲಿ'. ಮದುವೆಯಾಗಿ ಬೇರೆ ಬೇರೆ ರಿಟರ್ನ್ ಹಾಕುವವರದ್ದೂ ಅದೇ ಚೌಕ. ಡಬ್ಲ್ಯು-4 ಮದುವೆಯ ದಾಖಲೆಯಲ್ಲ, ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಕಳಿಸುವ ಕಾಗದವೂ ಅಲ್ಲ. ಅದು ನಮ್ಮಂಥ ಪೇರೋಲ್‌ನವರ ಕಡತದಲ್ಲೇ ಇರುತ್ತದೆ, ಪ್ರತಿ ಸಂಬಳದಲ್ಲಿ ಎಷ್ಟು ಮುರಿದುಕೊಳ್ಳಬೇಕು ಎಂದು ನಮಗೆ ಹೇಳುತ್ತದೆ, ಅಷ್ಟೇ. ಲೆಕ್ಕ ಚುಕ್ತಾ ಆಗುವುದು ರಿಟರ್ನ್‌ನಲ್ಲಿ.

ಹಳಬರು "ಹೆಂಡತಿ ಇಂಡಿಯಾದಲ್ಲಿದ್ದರೆ ಸಿಂಗಲ್ಲೇ ಹಾಕಬೇಕು" ಎಂದು ಹೇಳುವುದಕ್ಕೂ ಕಾರಣವಿದೆ. 2020ರಲ್ಲಿ ಈ ಫಾರ್ಮ್ ಪೂರ್ತಿ ಬದಲಾಯಿತು. ಅದಕ್ಕೆ ಹಿಂದಿನ ಕೆಲವು ವರ್ಷಗಳ ಫಾರ್ಮ್‌ಗಳಲ್ಲಿ, ಸಂಗಾತಿ ನಾನ್‌ರೆಸಿಡೆಂಟ್ ಏಲಿಯನ್ ಆಗಿದ್ದರೆ ಸಿಂಗಲ್ ಚೌಕಕ್ಕೆ ಟಿಕ್ ಹಾಕಿ ಎಂದು ಅಚ್ಚಾಗಿಯೇ ಇತ್ತು. ಅಮೆರಿಕದ ತೆರಿಗೆ ಕಾನೂನಿನ ಕಣ್ಣಿಗೆ ಇಲ್ಲಿರುವ ನೀವು ಸಾಮಾನ್ಯವಾಗಿ ರೆಸಿಡೆಂಟ್, ತುಮಕೂರಿನಲ್ಲಿರುವ ನಿಮ್ಮ ಹೆಂಡತಿ ನಾನ್‌ರೆಸಿಡೆಂಟ್ ಏಲಿಯನ್, ಅಂದರೆ ಇಲ್ಲಿನ ನಿವಾಸಿಯಲ್ಲದ ವಿದೇಶಿ.

ಈಗ ಲೆಕ್ಕ. 2026ರಲ್ಲಿ ನಿಮ್ಮ ಸಂಬಳ 90,000 ಡಾಲರ್, ಬೇರೆ ಆದಾಯವಿಲ್ಲ ಎಂದಿಟ್ಟುಕೊಳ್ಳಿ. ಜಂಟಿ ಎಂದರೆ ಸ್ಟ್ಯಾಂಡರ್ಡ್ ಡಿಡಕ್ಷನ್ 32,200. ಉಳಿದ 57,800ಕ್ಕೆ ಫೆಡರಲ್ ತೆರಿಗೆ 6,440 ಡಾಲರ್. ಬೇರೆ ಬೇರೆ ಎಂದರೆ ಡಿಡಕ್ಷನ್ 16,100 ಮಾತ್ರ, ಮೇಲಿನ ಒಂದು ಭಾಗ 22 ಪರ್ಸೆಂಟಿನ ಸ್ಲ್ಯಾಬಿಗೂ ಹೋಗುತ್ತದೆ, ತೆರಿಗೆ 10,970. ವ್ಯತ್ಯಾಸ 4,530 ಡಾಲರ್. ಎರಡು ವಾರಕ್ಕೊಮ್ಮೆ ಸಂಬಳ ಬರುವವರಿಗೆ ಸಲಕ್ಕೆ ಸುಮಾರು 174 ಡಾಲರ್. ಜಂಟಿ ಚೌಕಕ್ಕೆ ಟಿಕ್ ಹಾಕಿದ ದಿನದಿಂದ ಆ 174 ಕೈಗೆ ಬರುತ್ತಾ ಹೋಗುತ್ತದೆ, ಊರಿಗೆ ಟಿಕೆಟ್, ಹೊಸ ಮನೆಗೆ ಸಾಮಾನು ಅಂತ ಖರ್ಚೂ ಆಗುತ್ತದೆ. ಏಪ್ರಿಲ್‌ನಲ್ಲಿ ಜಂಟಿ ರಿಟರ್ನ್ ಹಾಕಲು ಆಗಲಿಲ್ಲವೆಂದರೆ ಅಷ್ಟನ್ನೂ ಒಂದೇ ಗಂಟಾಗಿ ಕಟ್ಟಬೇಕು. ಬಾಕಿ 1,000 ಡಾಲರ್ ದಾಟಿದ್ದು, ಆ ವರ್ಷದ ತೆರಿಗೆಯ ಶೇ. 90 ಭಾಗವನ್ನೋ ಹಿಂದಿನ ವರ್ಷದ ತೆರಿಗೆಯಷ್ಟನ್ನೋ ಮೊದಲೇ ಕಟ್ಟಿರದಿದ್ದರೆ ಮೇಲೊಂದು ದಂಡವೂ ಬರುತ್ತದೆ.

ನನಗೆ ತಿಳಿದ ಒಬ್ಬ ಹುಡುಗನಿಗೆ ಹೀಗೇ ಆಯಿತು. ಧನುರ್ಮಾಸ ಹಿಡಿಯುವ ಮುಂಚೆ ಲಗ್ನವಾಗಲಿ ಅಂತ ಮನೆಯವರು ಡಿಸೆಂಬರ್ ಮೊದಲ ವಾರದಲ್ಲೇ ಮದುವೆ ಮಾಡಿ ಮುಗಿಸಿದ್ದರು. ಇಲ್ಲಿಯ ಕಾನೂನಿಗೆ ಡಿಸೆಂಬರ್ 31ರಂದು ನೀವು ಏನಾಗಿದ್ದಿರೋ ಇಡೀ ವರ್ಷಕ್ಕೆ ಅದೇ. ವಾಪಸ್ ಬಂದವನೇ ಜಂಟಿ ಚೌಕಕ್ಕೆ ಬದಲಾಯಿಸಿದ. ಹುಡುಗಿ ಬೇಸಿಗೆಗೆ ಬರುತ್ತಾಳೆ ಅಂದುಕೊಂಡಿದ್ದ. ವೀಸಾ ಇಂಟರ್‌ವ್ಯೂ ಆದ ಮೇಲೆ ಹೆಚ್ಚಿನ ಪರಿಶೀಲನೆ ಅಂತ ಪಾಸ್‌ಪೋರ್ಟ್ ತಿಂಗಳುಗಟ್ಟಲೆ ಸಿಗಲೇ ಇಲ್ಲ. ವರ್ಷ ಮುಗಿಯಿತು, ಮುಂದಿನ ಏಪ್ರಿಲ್ ಬಂತು.

ಪಾಸ್‌ಪೋರ್ಟಿಗೂ ರಿಟರ್ನ್‌ಗೂ ಏನು ಸಂಬಂಧ ಅಂತ ಅವನಿಗೆ ಗೊತ್ತಿರಲಿಲ್ಲ. ಜಂಟಿ ರಿಟರ್ನ್‌ಗೆ ಇಬ್ಬರಿಗೂ ತೆರಿಗೆ ನಂಬರ್ ಬೇಕು. ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದವರು ಡಬ್ಲ್ಯು-7 ಫಾರ್ಮ್ ತುಂಬಿ ಐಟಿಐಎನ್, ಅಂದರೆ ತೆರಿಗೆಗಷ್ಟೇ ಬಳಸುವ ನಂಬರ್, ಪಡೆಯಬೇಕು. ಆ ಅರ್ಜಿಯನ್ನು ರಿಟರ್ನ್ ಜೊತೆಗೇ ಲಗತ್ತಿಸಿ ಕಳಿಸಬೇಕು, ಜೊತೆಗೆ ಮೂಲ ಪಾಸ್‌ಪೋರ್ಟ್ ಅಥವಾ ಅದನ್ನು ಕೊಟ್ಟ ಸರ್ಕಾರವೇ ದೃಢೀಕರಿಸಿದ ಪ್ರತಿ ಬೇಕು. ನಮ್ಮೂರಿನ ನೋಟರಿ ಸೀಲು ಹೊಡೆಸಿದ ಜೆರಾಕ್ಸ್ ನಡೆಯುವುದಿಲ್ಲ. ಐಆರ್‌ಎಸ್ ಮಾನ್ಯತೆ ಕೊಟ್ಟ ಸರ್ಟಿಫೈಯಿಂಗ್ ಏಜೆಂಟರು ಪಾಸ್‌ಪೋರ್ಟ್ ನೋಡಿ ಅಲ್ಲೇ ವಾಪಸ್ ಕೊಡುತ್ತಾರೆ, ಆದರೆ ನೋಡುವುದಕ್ಕಾದರೂ ಅದು ಕೈಯಲ್ಲಿರಬೇಕಲ್ಲ. ಇಷ್ಟಾದ ಮೇಲೆ ಏಳು ವಾರ ಕಾಯಬೇಕು, ಜನವರಿ ಮಧ್ಯದಿಂದ ಏಪ್ರಿಲ್ ಕೊನೆಯವರೆಗಿನ ನೂಕುನುಗ್ಗಲಿನಲ್ಲಿ ಒಂಬತ್ತರಿಂದ ಹನ್ನೊಂದು ವಾರ.

ಅವನು ಸಾಲ ಮಾಡಿ ತೆರಿಗೆ ಕಟ್ಟಿದ. ಬೇರೆಯಾಗಿ ರಿಟರ್ನ್ ಹಾಕಿದ, ಹೆಂಡತಿಯ ನಂಬರ್ ಇರಬೇಕಾದ ಕಡೆ 'ಎನ್‌ಆರ್‌ಎ' (ನಾನ್‌ರೆಸಿಡೆಂಟ್ ಏಲಿಯನ್) ಎಂದು ಬರೆದ. ಅವಳು ಬಂದ ಮೇಲೆ ತಿದ್ದುಪಡಿ ರಿಟರ್ನ್ ಆದ 1040-ಎಕ್ಸ್ ಹಾಕಿ ಅದನ್ನೇ ಜಂಟಿ ಮಾಡಿಸಿ, ಕಟ್ಟಿದ್ದರಲ್ಲಿ ದೊಡ್ಡ ಪಾಲು ವಾಪಸ್ ಪಡೆದ. ಬೇರೆಯಾಗಿ ಹಾಕಿದ ರಿಟರ್ನನ್ನು ಮೂರು ವರ್ಷದೊಳಗೆ ಜಂಟಿ ಮಾಡಬಹುದು. ಜಂಟಿಯಾಗಿ ಹಾಕಿದ್ದನ್ನು ಗಡುವು ದಾಟಿದ ಮೇಲೆ ಬೇರೆ ಮಾಡಲಾಗದು. ಮೊದಲನೇ ಚೌಕವನ್ನೇ ಇಟ್ಟುಕೊಳ್ಳಿ ಅಂತ ನಾನು ಹೇಳುವುದು ಇದಕ್ಕೇ. ಹೆಚ್ಚು ಮುರಿದುಕೊಂಡದ್ದು ತಡವಾಗಿಯಾದರೂ ರೀಫಂಡ್ ಆಗಿ ಬರುತ್ತದೆ.

ಒಂದೆರಡು ವಿಷಯ ಬೇಗ ಹೇಳಿಬಿಡುತ್ತೇನೆ. ನೀವೇ ಇನ್ನೂ ನಾನ್‌ರೆಸಿಡೆಂಟ್ ಆಗಿದ್ದರೆ, ಉದಾಹರಣೆಗೆ ಎಫ್-1 ವಿದ್ಯಾರ್ಥಿ ವೀಸಾದ ಮೊದಲ ವರ್ಷಗಳಲ್ಲಿ, ಆಯ್ಕೆಯೇ ಇಲ್ಲ: ಮೊದಲನೇ ಚೌಕಕ್ಕೆ ಟಿಕ್ ಹಾಕಿ ಡಬ್ಲ್ಯು-4ರ 4(ಸಿ) ಸಾಲಿನ ಕೆಳಗೆ 'ಎನ್‌ಆರ್‌ಎ' ಎಂದು ಬರೆಯಬೇಕು. ಸಂಗಾತಿ ಇಲ್ಲಿಗೆ ಬಂದು ಕೆಲಸಕ್ಕೂ ಸೇರಿದರೆ ಡಬ್ಲ್ಯು-4ರ ಎರಡನೇ ಹಂತವನ್ನು (ಇಬ್ಬರೂ ದುಡಿಯುವವರದ್ದು) ಬಿಡಬೇಡಿ, ಇಬ್ಬರೂ ಜಂಟಿ ಅಂತ ಹಾಕಿ ಅದನ್ನು ಖಾಲಿ ಬಿಟ್ಟರೆ ಇಬ್ಬರ ಸಂಬಳದಲ್ಲೂ ಕಡಿಮೆ ಮುರಿಯುತ್ತದೆ. ಮೊದಲ ಮದುವೆಯ ಮಗು ಜೊತೆಯಲ್ಲಿದ್ದು ಅದರ ಖರ್ಚು ನೋಡಿಕೊಳ್ಳುತ್ತಿದ್ದರೆ, ಹೊಸ ಸಂಗಾತಿ ನಾನ್‌ರೆಸಿಡೆಂಟ್ ಆಗಿರುವ ವರ್ಷ ಫಾರ್ಮಿನ ಮೂರನೇ ಚೌಕ, ಮನೆ ನಡೆಸುವವರದ್ದಾದ ಹೆಡ್ ಆಫ್ ಹೌಸ್‌ಹೋಲ್ಡ್, ಸಿಗಬಹುದು. ಸಂಗಾತಿಯನ್ನಷ್ಟೇ ತೋರಿಸಿದರೆ ಅದು ಸಿಗುವುದಿಲ್ಲ.

ಇನ್ನು ಜಂಟಿ ರಿಟರ್ನ್. ಇದರ ಬಗ್ಗೆ ಯಾರೂ ಕೇಳುವುದಿಲ್ಲ, ನಾನೇ ಮೇಲೆ ಬಿದ್ದು ಹೇಳುತ್ತೇನೆ. ಜೂನ್‌ನಲ್ಲಿ ಬಂದು ವರ್ಷದ ಕೊನೆಯವರೆಗೂ ಇಲ್ಲೇ ಇದ್ದ ಸಂಗಾತಿ 183 ದಿನ ದಾಟಿ ರೆಸಿಡೆಂಟ್ ಆಗುತ್ತಾಳೆ. ಮೊದಲ ಸಲ ಅಕ್ಟೋಬರ್‌ನಲ್ಲಿ ಬಂದವಳು ಆಗುವುದಿಲ್ಲ. ವರ್ಷದಲ್ಲಿ ಒಂದು ದಿನ ನಾನ್‌ರೆಸಿಡೆಂಟ್ ಆಗಿದ್ದರೂ ಜಂಟಿ ರಿಟರ್ನ್ ತಾನಾಗಿ ಸಿಗುವುದಿಲ್ಲ. ತೆರಿಗೆ ಕಾನೂನಿನ 6013ನೇ ಸೆಕ್ಷನ್ ಪ್ರಕಾರ ಇಬ್ಬರೂ ಸಹಿ ಮಾಡಿದ ಒಂದು ಹೇಳಿಕೆಯನ್ನು ರಿಟರ್ನ್‌ಗೆ ಲಗತ್ತಿಸಬೇಕು: ನಮ್ಮಿಬ್ಬರನ್ನೂ ಇಡೀ ವರ್ಷ ಇಲ್ಲಿನ ರೆಸಿಡೆಂಟ್ ಎಂದು ಪರಿಗಣಿಸಿ, ಅಂತ. ಅದಕ್ಕೆ ಬದಲಾಗಿ ಇಬ್ಬರ ಜಗತ್ತಿನೆಲ್ಲೆಡೆಯ ಆದಾಯ ಇಲ್ಲಿನ ಲೆಕ್ಕಕ್ಕೆ ಬರುತ್ತದೆ.

ಅಂದರೆ ಊರಲ್ಲಿ ಅವಳ ಹೆಸರಿನಲ್ಲಿರುವ ಎಫ್‌ಡಿ ಬಡ್ಡಿ, ಅಂಗಡಿ ಬಾಡಿಗೆ, ಎಲ್ಲವೂ. ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿ ಫಾರ್ಮ್ 1116ರಲ್ಲಿ ವಜಾ ಮಾಡಿಕೊಳ್ಳಬಹುದು, ಆದರೆ ಅಲ್ಲಿ ತೆರಿಗೆಯೇ ಇಲ್ಲದ್ದಕ್ಕೆ ವಜಾ ಮಾಡಲು ಏನಿದೆ? ಪಿಪಿಎಫ್ ಬಡ್ಡಿಗೆ ನಮ್ಮಲ್ಲಿ ತೆರಿಗೆಯಿಲ್ಲ, ಇಲ್ಲಿ ಇದೆ. ತಿಂಗಳಿಗೆ ಎರಡು ಸಾವಿರದ ಎಸ್‌ಐಪಿ ಕಟ್ಟಿದ ಮ್ಯೂಚುಯಲ್ ಫಂಡ್‌ಗೂ ವಿದೇಶಿ ಫಂಡುಗಳಿಗೆಂದೇ ಇರುವ ಫಾರ್ಮ್ 8621ರ ನಿಯಮ ತಗಲಬಹುದು, ಅದನ್ನು ತುಂಬಲು ಆಡಿಟರ್ ಕೇಳುವ ಫೀಸು ಫಂಡಿನ ಲಾಭಕ್ಕಿಂತ ಹೆಚ್ಚಾಗಬಹುದು. ಇಷ್ಟಾದರೂ ಎಷ್ಟೋ ದಂಪತಿಗಳಿಗೆ ಆ 4,530ರಲ್ಲಿ ಒಳ್ಳೆಯ ಪಾಲು ಉಳಿಯುತ್ತದೆ. ಲೆಕ್ಕ ಹಾಕಿಯೇ ತೀರ್ಮಾನ ಮಾಡಬೇಕು. ಈ ಆಯ್ಕೆ ಒಂದು ವರ್ಷಕ್ಕೆ ಮುಗಿಯುವುದಿಲ್ಲ, ಅವಳು ಅಲ್ಲೇ ಇದ್ದರೂ ಮುಂದಿನ ವರ್ಷಗಳಿಗೂ ಎಳೆದುಕೊಂಡು ಹೋಗುತ್ತದೆ. ಒಮ್ಮೆ ಹಿಂದಕ್ಕೆ ತೆಗೆದುಕೊಂಡರೆ ಮತ್ತೆ ಸಿಗುವುದಿಲ್ಲ. ಜಂಟಿ ರಿಟರ್ನ್‌ನ ತೆರಿಗೆಗೆ ಇಬ್ಬರೂ ಪೂರ್ತಿ ಹೊಣೆ.

ಇದನ್ನೆಲ್ಲ ಅಲ್ಲಿರುವ ಹುಡುಗಿಗೆ ಯಾರು ಹೇಳುತ್ತಾರೆ? ಬಹಳ ಮನೆಗಳಲ್ಲಿ ಯಾರೂ ಹೇಳುವುದಿಲ್ಲ. ವಾಟ್ಸಾಪಿನಲ್ಲಿ ಪಿಡಿಎಫ್ ಹೋಗುತ್ತದೆ, "ಸಹಿ ಮಾಡಿ ಕೊರಿಯರ್ ಮಾಡು" ಅಂತ. ಮದುವೆಯಾಗಿ ಮೂರು ತಿಂಗಳಾದ ಹುಡುಗಿ ಏನೆಂದು ಕೇಳುತ್ತಾಳೆ? ಮಾಡಿ ಕಳಿಸುತ್ತಾಳೆ. ನನಗೆ ಇದು ಸರಿ ಕಾಣುವುದಿಲ್ಲ. ಸಹಿ ಅವಳದ್ದು, ದುಡ್ಡು ಅವಳದ್ದು.

ಕಳೆದ ಫೆಬ್ರವರಿಯಲ್ಲಿ ಒಬ್ಬ ಹುಡುಗ ಅದೇ ಪಿಡಿಎಫ್ ಹಿಡಿದು ನಮ್ಮ ಮನೆಗೆ ಬಂದಿದ್ದ. "ಮೊದಲು ಅವಳಿಗೆ ಫೋನ್ ಹಚ್ಚಪ್ಪ" ಅಂದೆ. ಇಲ್ಲಿ ರಾತ್ರಿ ಒಂಬತ್ತು, ಅಲ್ಲಿ ಬೆಳಗ್ಗೆ ಎಂಟೂವರೆ. ಹುಡುಗಿ ಹಾಸನದ ಒಂದು ಶಾಲೆಯಲ್ಲಿ ಟೀಚರ್, ಸೀರೆಗೆ ಪಿನ್ ಹಾಕಿಕೊಳ್ಳುತ್ತಾ ವಿಡಿಯೋಗೆ ಬಂದಳು. ಕಾಗದದಲ್ಲಿದ್ದದ್ದನ್ನು ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದೆ. ಪಿನ್ ಕೈಯಲ್ಲೇ ಉಳಿಯಿತು. "ಅಕ್ಕ, ಅಪ್ಪ ನನ್ನ ಹೆಸರಲ್ಲಿ ಇಟ್ಟಿರೋದೂ ಬರುತ್ತಾ?" ಅಂದಳು. ಬಡ್ಡಿ ಬರುತ್ತೆ ಕಣಮ್ಮ ಅಂದೆ. "ಹಾಗಾದ್ರೆ ನಂಗೆ ಒಂದು ವಾರ ಟೈಮ್ ಕೊಡಿ."

ಒಂದು ವಾರಕ್ಕೆ ಸರಿಯಾಗಿ ಪಟ್ಟಿ ಬಂತು, ಶಾಲೆಯ ನೋಟ್‌ಬುಕ್ ಹಾಳೆಯ ಮೇಲೆ ಗೆರೆ ಎಳೆದು ಬರೆದದ್ದು: ಎರಡು ಎಫ್‌ಡಿ, ಒಂದು ಪಿಪಿಎಫ್, ಪೋಸ್ಟ್ ಆಫೀಸಿನ ಒಂದು ಆರ್‌ಡಿ, ಪ್ರತಿಯೊಂದರ ಮುಂದೆ ವರ್ಷದ ಬಡ್ಡಿ. ಇಬ್ಬರೂ ಕೂಡಿಸಿ ಕಳೆದು ನೋಡಿದರು. ಅವಳು ಸಹಿ ಮಾಡಿದ್ದು ಆಮೇಲೆ. ಹುಡುಗ ಡಬ್ಲ್ಯು-4 ಬದಲಾಯಿಸಿದ್ದು ಅದಕ್ಕೂ ಆಮೇಲೆ, ಅವಳ ಐಟಿಐಎನ್ ಪತ್ರ ಕೈಗೆ ಬಂದ ದಿನ.